ಹಾರುವ ಮೋಟಾರುಗಾಡಿ: ನಾವು ಕಾಯುತ್ತಿರುವುದು ಯಾವುದಕ್ಕೆ?

ಹಾರುವ ಕಾರು ಯಾವಾಗ ಬರುತ್ತದೆ ಎಂದು ವಿದ್ಯಾರ್ಥಿಗಳು ನಮ್ಮನ್ನು ಕೇಳದ ವರ್ಷವಿಲ್ಲ. ಅದು ಬಂದು ಸುಮಾರು 70 ವರ್ಷಗಳಾದುವು ಎಂದು ಉತ್ತರ ಕೊಟ್ಟರೆ ಹಾಸ್ಯವೆಂದು ಭಾವಿಸಿ ನಗುತ್ತಾರೆ. ಆದರೆ ಮಾತು ನಿಜ. ಅಮೆರಿಕದ ಮೋಲ್ಟನ್ ಟೇಲರ್ ಎಂಬ ಎಂಜಿನಿಯರರು ನಿರ್ಮಿಸಿದ ‘ಏರೋಕಾರ್’ ಎಂಬ ವಾಹನ 1949ರಲ್ಲಿ ಮೊದಲ ಬಾರಿಗೆ ಹಾರಿತು. 1956ರಲ್ಲಿ ಅಲ್ಲಿನ ಸರಕಾರದ ವಾಯುಯಾನ ಇಲಾಖೆಯವರು ಅದನ್ನು ಪರೀಕ್ಷಿಸಿ ಹಾರಾಟಕ್ಕೆ ಯೋಗ್ಯವೆಂದು ಪ್ರಮಾಣಪತ್ರ ಕೊಟ್ಟರು. ರಸ್ತೆಯ ಮೇಲೆ ಅದು ತನ್ನ ರೆಕ್ಕೆಗಳನ್ನೂ ಬಾಲವನ್ನೂ ಮಡಚಿ, ಹಸುವಿನ ಹಿಂದೆ ಕರು ಬರುವಂತೆ ಹಿಂದಕ್ಕೆ ಕಟ್ಟಿಕೊಂಡು ಎಳೆದುಕೊಂಡು ಹೋಗುತ್ತಿತ್ತು. ಒಬ್ಬನೇ ಮನುಷ್ಯ ಕೆಲವು ನಿಮಿಷಗಳಲ್ಲಿ ಅವನ್ನು ಜೋಡಿಸಿ ಆಕಾಶಕ್ಕೆ ಏರಬಹುದಾಗಿತ್ತು. ಅದನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಲು ದೊಡ್ಡ ಕಂಪೆನಿಯೊಂದು ಒಪ್ಪಿಯೂ ಇತ್ತು. ಮುಂಗಡವಾಗಿ 500 ಗಿರಾಕಿಗಳು ದೊರೆಯಬೇಕೆಂಬುದಷ್ಟೇ ಅದರ ಷರತ್ತು. ದೊರೆತವರು ಅದರ ಅರ್ಧದಷ್ಟು ಮಂದಿ. ಒಟ್ಟಿನಲ್ಲಿ ಆರು ಏರೋಕಾರುಗಳು ತಯಾರಾದುವು. ಅವುಗಳಲ್ಲೊಂದನ್ನು 1960ರ ದಶಕದ ಆರಂಭದಲ್ಲಿ ಪೋರ್ಟ್‌ಲೆಂಡ್ ನಗರದ ರೇಡಿಯೋ ನಿಲಯವೊಂದು ಬಳಸುತ್ತಿತ್ತು. ಯಾವ ಕೆಲಸಕ್ಕೆ? ಕೆಳಗಿನ ಬೀದಿಗಳಲ್ಲಿ ಸಾಮಾನ್ಯ ಕಾರುಗಳು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿವೆ ಎಂಬುದನ್ನು ಮೇಲಿನಿಂದ ನೋಡಿ ಕೇಳುಗರಿಗೆ ತಿಳಿಸುವ ಕೆಲಸಕ್ಕೆ!

ಆದುದರಿಂದ ಜಗತ್ತು ಇಷ್ಟು ಕಾಲ ಕಾದುಕೊಂಡಿರುವುದು ಒಂದು ಹೊಸ ಆವಿಷ್ಕಾರಕ್ಕಾಗಿ ಎಂಬ ತಿಳಿವಳಿಕೆಯನ್ನು ಮೊದಲು ಬಿಡಬೇಕು. ರಸ್ತೆಯಲ್ಲಿ ಓಡಿ ಆಕಾಶದಲ್ಲಿ ಹಾರುವ ಯಂತ್ರವನ್ನು ಬುದ್ಧಿವಂತರು ಮತ್ತೆಮತ್ತೆ ಕಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿ 1917ರಲ್ಲಿ ನಡೆದ ವಿಮಾನ ಪ್ರದರ್ಶನದಲ್ಲಿ ಗ್ಲೆನ್ ಕರ್ಟಿಸ್ ತಮ್ಮ ‘ಆಟೋಪ್ಲೇನ್’ ಅನ್ನು ಇಟ್ಟಿದ್ದರು. ಅದು ನೆಲದಿಂದ ಅಲ್ಪಸ್ವಲ್ಪ ಜಿಗಿದದ್ದೇ ಹೆಚ್ಚು. ರಾಬರ್ಟ್ ಫುಲ್ಟನ್ ಅವರ ‘ಏರ್‌ಫಿಬಿಯನ್’ 1950ರಲ್ಲಿಯೇ ಸರಕಾರದ ಪ್ರಮಾಣಪತ್ರವನ್ನು ಪಡೆಯಿತು. ಇಂದು ಅದು ವಸ್ತುಸಂಗ್ರಹಾಲಯವನ್ನು ಸೇರಿದೆ. ಕಾನ್‌ವೇರ್ ಎಂಬ ಹೆಸರಾಂತ ವಿಮಾನ ಕಂಪೆನಿಯವರು ಕಾರಿನ ಮಾಳಿಗೆಯ ಮೇಲೆ ವಿಮಾನದ ರೆಕ್ಕೆ, ಎಂಜಿನುಗಳನ್ನು ಕೂರಿಸಿ, ಅಂಥ 1,60,000 ವಾಹನಗಳನ್ನು ಮಾರುವ ಲೆಕ್ಕ ಹಾಕಿದ್ದರು. 1947ರ ನವೆಂಬರಿನಲ್ಲಿ ಸಾನ್ ಡಿಯೇಗೋ ನಗರದ ಬಳಿ ಅದರ ಇಂಧನ ಆಕಾಶದಲ್ಲಿಯೇ ಮುಗಿದು ಅದು ನೆಲಕ್ಕೆ ಬಿತ್ತು. ಚಾಲಕ ಉಳಿದ. ಆ ವಾಹನದಲ್ಲಿ ಕಾರಿಗೊಂದು, ವಿಮಾನಕ್ಕೊಂದು ಹೀಗೆ ಎರಡು ಟ್ಯಾಂಕುಗಳಿದ್ದುವೆಂದೂ, ಚಾಲಕನು ಕಾರಿನ ಮುಳ್ಳನ್ನು ನೋಡಿಕೊಂಡು ಹೊರಟುಬಿಟ್ಟನೆಂದೂ ಹೇಳುತ್ತಾರೆ. ಎರಡು ಯಂತ್ರಗಳನ್ನು ಒಂದಾಗಿ ಕಟ್ಟಿದರೂ ಅವು ಎರಡಾಗಿಯೇ ಉಳಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಕಾರಿಗೆ ಬೇಕಾದುದು ಗಟ್ಟಿ ಮೈ. ಎದುರಿನ ವಾಹನ ಬಡಿದರೆ ಒಳಗಿನವರನ್ನು ಕಾಪಾಡಬೇಕು, ಹಳ್ಳಕೊಳ್ಳಗಳನ್ನು ತಾಳಿಕೊಳ್ಳಬೇಕು, ತನ್ನ ಪಾಲಿನ ಮೂರೂವರೆ ಮೀಟರ್ ಅಗಲದಲ್ಲಿ ಅಡಗಬೇಕು, ಗಾಳಿ ಎಷ್ಟೇ ಬೀಸಿದರೂ ನೆಲವನ್ನು ಬಿಡಬಾರದು. ವಿಮಾನಕ್ಕೆ ಬೇಕಾದುದು ಹಗುರವಾದ ಮೈ, ಹತ್ತು ಮೀಟರಿನಷ್ಟು ಹರಡಿದ ರೆಕ್ಕೆ, ಗಾಳಿ ಬೀಸಿದೊಡನೆ ನೆಲವನ್ನು ಬಿಡುವ ಗುಣ. ಕಾರಿನ ಒಂದೊಂದು ಸದ್ಗುಣವೂ ವಿಮಾನದ ಪಾಲಿಗೆ ದುರ್ಗುಣವೇ ಆಗುತ್ತದೆ. ಸ್ಲೊವಾಕಿಯ ದೇಶದ ಕ್ಲೈನ್ ಎಂಬವರ ‘ಏರ್‌ಕಾರ್’ 2021ರ ಜೂನ್ ತಿಂಗಳಲ್ಲಿ ನಿಟ್ರಾ ನಗರದಿಂದ ಬ್ರಾಟಿಸ್ಲಾವಕ್ಕೆ 35 ನಿಮಿಷಗಳಲ್ಲಿ ಹಾರಿ, ಇಳಿದು, ರೆಕ್ಕೆಗಳನ್ನು ಮಡಚಿಕೊಂಡು ಊರೊಳಗೆ ಓಡಿತು. ಅದು ನಿಜವಾಗಿಯೂ ಸೊಗಸಾದ ಎಂಜಿನಿಯರಿಂಗ್. 2022ರಲ್ಲಿ ಅದಕ್ಕೂ ಪ್ರಮಾಣಪತ್ರ ದೊರೆಯಿತು. ಆದರೆ ಅದು ವಿಮಾನ ನಿಲ್ದಾಣದಿಂದ ಹೊರಟು ವಿಮಾನ ನಿಲ್ದಾಣದಲ್ಲಿಯೇ ಇಳಿಯಬೇಕು. ಮನೆಯಿಂದ ನಿಲ್ದಾಣದವರೆಗೂ ನಿಲ್ದಾಣದಿಂದ ಕಚೇರಿಯವರೆಗೂ ಅದರ ಒಡೆಯ ನಮ್ಮನಿಮ್ಮಂತೆಯೇ ರಸ್ತೆಯ ಸಂದಣಿಯಲ್ಲಿ ಕೂತಿರತಕ್ಕದ್ದು.

ಓಡುದಾರಿಯ ಹಂಗಿಲ್ಲದೆ, ಮನೆಯ ಅಂಗಳದಿಂದ ನೆಟ್ಟಗೆ ಮೇಲೇಳುವ ವಾಹನವಾದರೆ ಈ ತೊಡಕು ಇರುವುದಿಲ್ಲವಷ್ಟೆ. ಜನರ ಮನಸ್ಸಿನಲ್ಲಿರುವ ಹಾರುವ ಕಾರು ಇದೇ. ಇಲ್ಲಿ ಭೌತವಿಜ್ಞಾನವು ನಡುವೆ ಬಂದು ನಿಲ್ಲುತ್ತದೆ. ಪದವಿಪೂರ್ವ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲವಾದುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಬರಬೇಕೆಂದು ಕೋರುತ್ತೇವೆ.

ಗಾಳಿಯಲ್ಲಿ ನಿಂತಲ್ಲಿಯೇ ನಿಲ್ಲಬೇಕಾದ ಯಂತ್ರ ಗಾಳಿಯನ್ನು ಕೆಳಕ್ಕೆ ತಳ್ಳಬೇಕು. ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಜನರೂ ಸೇರಿ 1000 ಕಿಲೋಗ್ರಾಂ ತೂಗುವ ಪುಟ್ಟ ಕಾರನ್ನು ಎತ್ತಿ ಹಿಡಿಯಲು ಸುಮಾರು 9800 ನ್ಯೂಟನ್ ಬಲ ಬೇಕು. ಪ್ರತಿ ಸೆಕೆಂಡಿಗೆ ಕೆಳಕ್ಕೆ ತಳ್ಳಿದ ಗಾಳಿಯ ರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಈ ಸಂಖ್ಯೆ ಬರಬೇಕು. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಬಹುದು, ಇಲ್ಲವೆ ಸ್ವಲ್ಪ ಗಾಳಿಯನ್ನು ಬಿರುಸಾಗಿ ತಳ್ಳಬಹುದು. ಬಲದ ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಶಕ್ತಿಯ ಲೆಕ್ಕದಲ್ಲಿ ಹಾಗಲ್ಲ. ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುವುದರಿಂದ ಬಿರುಸಾಗಿ ತಳ್ಳುವವನು ಬಹಳ ದುಬಾರಿ ಬೆಲೆ ತೆರಬೇಕಾಗುತ್ತದೆ.

ಹೆಲಿಕಾಪ್ಟರಿನಂತೆ 10 ಮೀಟರ್ ವ್ಯಾಸದ ಪಂಖವನ್ನು ಕಟ್ಟಿದೆವೆನ್ನಿ. ಅದು ಪ್ರತಿ ಸೆಕೆಂಡಿಗೆ ಸುಮಾರು 680 ಕಿಲೋಗ್ರಾಂ ಗಾಳಿಯನ್ನು ಹಿಡಿದು, ಸೆಕೆಂಡಿಗೆ 14 ಮೀಟರಿಗಿಂತ ತುಸು ಹೆಚ್ಚಿನ ವೇಗದಿಂದ ಕೆಳಕ್ಕೆ ಬಿಡುತ್ತದೆ. ಇದಕ್ಕೆ ಬೇಕಾದ ಸಾಮರ್ಥ್ಯ ಸುಮಾರು 70 ಕಿಲೋವಾಟ್, ಎಂದರೆ 95 ಅಶ್ವಶಕ್ತಿ. ಇಷ್ಟನ್ನು ಒದಗಿಸಬಹುದು. ಆದರೆ 10 ಮೀಟರಿನ ಪಂಖ ನಮ್ಮ ಅಂಗಳದಲ್ಲಿ ಹಿಡಿಸುವುದಿಲ್ಲ. ಪಕ್ಕದ ಮನೆಯವರ ತೆಂಗಿನ ಮರಕ್ಕೂ ಅದಕ್ಕೂ ಹೊಂದಿಕೆಯಾಗುವುದಿಲ್ಲ. ಆದುದರಿಂದ ಅದರ ಬದಲು ಕಾರಿನ ನಾಲ್ಕು ಮೂಲೆಗಳಲ್ಲಿ ಒಂದೊಂದು ಚದರ ಮೀಟರಿನ ನಾಲ್ಕು ಪುಟ್ಟ ಪಂಖಗಳನ್ನು ಕೂರಿಸೋಣ. ಈಗ ಹಿಡಿಯಬಲ್ಲ ಗಾಳಿ ಸೆಕೆಂಡಿಗೆ ಸುಮಾರು 150 ಕಿಲೋಗ್ರಾಂ ಮಾತ್ರ. ಅದನ್ನು ಸೆಕೆಂಡಿಗೆ 64 ಮೀಟರ್ ವೇಗದಿಂದ, ಎಂದರೆ ಗಂಟೆಗೆ 230 ಕಿಲೋಮೀಟರ್ ವೇಗದಿಂದ ಕೆಳಕ್ಕೆ ಎಸೆಯಬೇಕು. ಬೇಕಾದ ಸಾಮರ್ಥ್ಯ 310 ಕಿಲೋವಾಟನ್ನು ಮೀರುತ್ತದೆ, ಅಂದರೆ 420 ಅಶ್ವಶಕ್ತಿ. ಇದು ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರದ ಲೆಕ್ಕ. ನಿಜವಾದ ಯಂತ್ರಕ್ಕೆ ಇದರ ಮೇಲೆ ಇನ್ನೂ ಮೂರನೆಯ ಒಂದು ಪಾಲಿನಷ್ಟಾದರೂ ಸೇರಿಸಬೇಕು. ಅಷ್ಟೊಂದು ಗಾಳಿ ಅಂಗಳದಲ್ಲಿ ಬೀಸಿದರೆ ಒಣಹಾಕಿದ ಹಪ್ಪಳದ ಗತಿಯೇನು, ಹೆಂಚಿನ ಗತಿಯೇನು ಎಂಬುದನ್ನು ವಾಚಕರ ಊಹೆಗೆ ಬಿಡುತ್ತೇವೆ. ಬಿರುಗಾಳಿಗಿಂತ ಮಿಗಿಲಾದ ವೇಗ ಅದು.

ಇನ್ನು ಅದೇ ಕಾರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ಓಡುವಾಗ ಏನು ಬೇಕು? ಚಕ್ರಗಳ ಉರುಳು ಘರ್ಷಣೆ ಮತ್ತು ಗಾಳಿಯ ತಡೆ ಇವೆರಡನ್ನೂ ಸೇರಿಸಿದರೆ ಸುಮಾರು 4 ಕಿಲೋವಾಟ್! ಐದು ಕುದುರೆಗಳು ಮಾಡುವ ಕೆಲಸ. ಓಡುವುದಕ್ಕೆ 5, ಇದ್ದಲ್ಲಿಯೇ ತೂಗಾಡುವುದಕ್ಕೆ 420. ಚಕ್ರವೆಂಬ ವಸ್ತು ಎಷ್ಟು ಅದ್ಭುತವಾದುದೆಂಬುದು ನಮಗೆ ಅದನ್ನು ಬಿಟ್ಟು ಮೇಲೇಳಲು ಹೊರಟಾಗಲೇ ಗೊತ್ತಾಗುತ್ತದೆ. ಭೂಮಿ ಕಾರನ್ನು ಪುಕ್ಕಟೆಯಾಗಿ ಹೊತ್ತುಕೊಂಡಿದೆ. ಗಾಳಿ ಪುಕ್ಕಟೆಯಾಗಿ ಹೊರುವುದಿಲ್ಲ.

ಇಲ್ಲೊಂದು ಆಕ್ಷೇಪ ಹುಟ್ಟುವುದು ಸಹಜ. ರೈಟ್ ಸೋದರರು 1903ರ ಡಿಸೆಂಬರಿನಲ್ಲಿ ಹಾರುವುದಕ್ಕೆ ಕೆಲವೇ ವಾರಗಳ ಮುಂಚೆ ಸೈಮನ್ ನ್ಯೂಕೂಂಬ್ ಎಂಬ ಪ್ರಸಿದ್ಧ ಖಗೋಳವಿಜ್ಞಾನಿ ವಿಮಾನದ ಸಾಧ್ಯತೆಯನ್ನೇ ಸಂಶಯಿಸಿ ಬರೆದಿದ್ದರು. ನಮ್ಮ ಮಾತೂ ಅಂಥದ್ದೇ ಏಕಾಗಬಾರದು? ಪ್ರಶ್ನೆ ನ್ಯಾಯವಾದುದು. ಆದರೆ ನ್ಯೂಕೂಂಬರ ಸಂಶಯವೆಲ್ಲ ಅಂದಿನ ಲೋಹಗಳ, ಅಂದಿನ ಎಂಜಿನುಗಳ ಭಾರವನ್ನು ಅವಲಂಬಿಸಿತ್ತು. ಲೋಹ ಹಗುರವಾಯಿತು, ಎಂಜಿನು ಬಲಿಷ್ಠವಾಯಿತು, ಸಂಶಯ ಬಿದ್ದುಹೋಯಿತು. ಮೇಲೆ ನಾವು ಮಾಡಿದ ಲೆಕ್ಕದಲ್ಲಿ ಯಾವ ಎಂಜಿನಿನ ಹೆಸರೂ ಬಂದಿಲ್ಲವೆಂಬುದನ್ನು ಗಮನಿಸಬೇಕು. ಅದರಲ್ಲಿರುವುದು ನಾಲ್ಕೇ ಅಂಶಗಳು: ವಾಹನದ ತೂಕ, ಭೂಮಿಯ ಗುರುತ್ವ, ಗಾಳಿಯ ಸಾಂದ್ರತೆ, ಪಂಖಗಳ ವಿಸ್ತೀರ್ಣ. ಮೊದಲನೆಯದನ್ನು ಕೊಂಚ ಇಳಿಸಬಹುದು, ಕೊನೆಯದನ್ನು ಕೊಂಚ ಏರಿಸಬಹುದು. ನಡುವಿನವೆರಡು ಯಾವ ಎಂಜಿನಿಯರನ ಅಧೀನದಲ್ಲಿಯೂ ಇಲ್ಲ.

ಈ ನಾಲ್ಕರೊಡನೆ ಜಗಳವಾಡಿದವರ ಕಥೆ ಉದ್ದವಾಗಿದೆ. ಕೆನಡದ ಆವ್ರೋ ಕಂಪೆನಿಯು ಅಮೆರಿಕದ ಸೈನ್ಯಕ್ಕಾಗಿ ನಿರ್ಮಿಸಿದ ತಟ್ಟೆಯಾಕಾರದ ‘ಆವ್ರೋಕಾರ್’ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಾಚೆ ಹೋದರೆ ತತ್ತರಿಸತೊಡಗುತ್ತಿತ್ತು. 1961ರಲ್ಲಿ ಯೋಜನೆಯನ್ನು ಕೈಬಿಟ್ಟರು. ಪಾಲ್ ಮೋಲರ್ ಎಂಬವರು ಹಲವು ದಶಕಗಳ ಕಾಲ ‘ಸ್ಕೈಕಾರ್’ ಎಂಬುದರ ಮೇಲೆ ದುಡಿದರು. ಅದು ಹಗ್ಗ ಕಟ್ಟಿಸಿಕೊಂಡು ಮೇಲೆದ್ದುದೇ ಅದರ ಸಾಧನೆ. ತೀರ ಈಚೆಗೆ ಜರ್ಮನಿಯ ಲಿಲಿಯಮ್ ಕಂಪೆನಿ ಮೂವತ್ತು ಪುಟ್ಟ ವಿದ್ಯುತ್ ಪಂಖಗಳ ವಿಮಾನವನ್ನು ಯೋಜಿಸಿ, ಅಪಾರ ಬಂಡವಾಳವನ್ನು ಕೂಡಿಸಿ, ಒಬ್ಬ ಪ್ರಯಾಣಿಕನನ್ನೂ ಹೊರದೆ 2024ರ ಅಕ್ಟೋಬರಿನಲ್ಲಿ ದಿವಾಳಿಯಾಯಿತು. ಪುಟ್ಟ ಪಂಖವೆಂದರೆ ಏನೆಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ಜನರನ್ನು ಹೊತ್ತು ಹಾರುತ್ತೇವೆಂದಿದ್ದ ವೊಲೊಕಾಪ್ಟರ್ ಕಂಪೆನಿಯೂ ಅದೇ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು.

ವಿದ್ಯುತ್ ಮೋಟಾರು ಬಂದುದರಿಂದ ಕೆಲಸ ಸುಲಭವಾಗಲಿಲ್ಲವೇ ಎಂದರೆ, ಆಗಿದೆ. ಹಲವು ಪಂಖಗಳನ್ನು ಗಣಕದ ಮೂಲಕ ಕ್ಷಣಕ್ಷಣಕ್ಕೂ ಹತೋಟಿಯಲ್ಲಿಡುವ ವಿದ್ಯೆ ಆವ್ರೋಕಾರಿನವರಿಗೆ ಇರಲಿಲ್ಲ, ಇಂದು ಮಕ್ಕಳ ಆಟಿಕೆಯಲ್ಲಿಯೂ ಇದೆ. ಚೀನದಲ್ಲಿ ಚಾಲಕನಿಲ್ಲದ ಇಬ್ಬರು ಪ್ರಯಾಣಿಕರ ‘ಈಹ್ಯಾಂಗ್’ ವಾಹನಕ್ಕೆ 2023ರಲ್ಲಿ ಸರಕಾರದ ಪ್ರಮಾಣಪತ್ರವೇ ದೊರೆಯಿತು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮೋಟಾರಿಗೆ ಶಕ್ತಿ ಬರುವುದು ಬ್ಯಾಟರಿಯಿಂದ. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವಾಟ್-ಗಂಟೆ ಶಕ್ತಿ ಅಡಗಿದ್ದರೆ, ಒಳ್ಳೆಯ ಲಿಥಿಯಮ್ ಕೋಶದ ಒಂದು ಕಿಲೋಗ್ರಾಮಿನಲ್ಲಿ ಇರುವುದು ಕಾಲು ಕಿಲೋವಾಟ್-ಗಂಟೆಯ ಆಸುಪಾಸು. ಪೆಟ್ರೋಲ್ ಎಂಜಿನು ತನ್ನ ಪಾಲಿನ ಮುಕ್ಕಾಲನ್ನು ಶಾಖವಾಗಿ ಪೋಲುಮಾಡುತ್ತದೆಂಬುದನ್ನು ಒಪ್ಪಿಕೊಂಡರೂ ಅಂತರ ಹತ್ತು ಪಟ್ಟಿಗೂ ಮೀರಿ ಉಳಿಯುತ್ತದೆ. ನಮ್ಮ ಸಾವಿರ ಕಿಲೋಗ್ರಾಮಿನ ಕಾರಿನಲ್ಲಿ 300 ಕಿಲೋಗ್ರಾಂ ಬ್ಯಾಟರಿಗೇ ಮೀಸಲಿಟ್ಟರೂ, ಪೆಟ್ಟಿಗೆ ತಂತಿಗಳ ಭಾರ ಕಳೆದು, 60 ಕಿಲೋವಾಟ್-ಗಂಟೆ ದೊರಕೀತು. ಆದರ್ಶ ಯಂತ್ರವಾದರೂ ಹನ್ನೆರಡು ನಿಮಿಷ ತುಂಬುವ ಮೊದಲೇ ಅದು ಬರಿದಾಗುತ್ತದೆ. ಆದುದರಿಂದಲೇ ಇಂದಿನ ಜಾಣ ಕಂಪೆನಿಗಳು ಮೇಲೇಳುವುದನ್ನು ಒಂದೆರಡು ನಿಮಿಷಗಳಲ್ಲಿ ಮುಗಿಸಿ, ರೆಕ್ಕೆಗಳ ಮೇಲೆ ಜಾರಿಕೊಂಡು ಮುಂದೆ ಹೋಗುವ ವಿಮಾನಗಳನ್ನು ಕಟ್ಟುತ್ತಿವೆ. ಅವಕ್ಕೆ ದೊಡ್ಡ ಪಂಖ ಬೇಕು, ಉದ್ದ ರೆಕ್ಕೆ ಬೇಕು, ಮೀಸಲಾದ ಇಳಿದಾಣ ಬೇಕು, ತರಬೇತಾದ ಸಿಬ್ಬಂದಿ ಬೇಕು. ಎಂದರೆ ಅವು ಕಾರುಗಳಲ್ಲ. ಸದ್ದು ಕಡಮೆಯಿರುವ ಹೆಲಿಕಾಪ್ಟರುಗಳು.

ಲೆಕ್ಕ ಹಾಕಿ ನೋಡುವ ಈ ಅಭ್ಯಾಸಕ್ಕೆ ನಮ್ಮಲ್ಲಿಯೇ ಒಂದು ಒಳ್ಳೆಯ ಮೇಲ್ಪಂಕ್ತಿಯಿದೆ. ಪುರಾತನ ಋಷಿಗಳ ವಿಮಾನವಿದ್ಯೆಯೆಂದು ಹೆಸರಾದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಐವರು ವಿದ್ವಾಂಸರು 1974ರಲ್ಲಿ ಪರಿಶೀಲಿಸಿದರು. ಅವರು ಅದನ್ನು ಹೊಗಳಲೂ ಇಲ್ಲ, ಗೇಲಿಮಾಡಲೂ ಇಲ್ಲ. ಅದರಲ್ಲಿ ಕೊಟ್ಟ ಅಳತೆ, ತೂಕ, ಆಕಾರಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಗ್ರಂಥ ಇಪ್ಪತ್ತನೆಯ ಶತಮಾನದ ಆರಂಭದ್ದೆಂದೂ, ಅದರ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಹಳೆಯದರ ಹೆಸರಿನಲ್ಲಿ ಬಂದುದಕ್ಕೆ ಹಾಕಿದ ಒರೆಗಲ್ಲನ್ನು ಹೊಸದರ ಹೆಸರಿನಲ್ಲಿ ಬಂದುದಕ್ಕೂ ಹಾಕಬೇಕೆಂಬುದಷ್ಟೇ ನಮ್ಮ ಅಪೇಕ್ಷೆ.

ಶಕ್ತಿಯ ಮಾತು ಇಲ್ಲಿಗೆ ಸಾಕು. ಪ್ರಾಣದ ಮಾತು ಅದಕ್ಕಿಂತ ದೊಡ್ಡದು. ಕ್ಯಾಲಿಫೋರ್ನಿಯದಲ್ಲಿ 1973ರ ಸೆಪ್ಟೆಂಬರಿನಲ್ಲಿ ಹೆನ್ರಿ ಸ್ಮೋಲಿನ್ಸ್ಕಿ ಮತ್ತು ಹೆರಾಲ್ಡ್ ಬ್ಲೇಕ್ ಎಂಬವರು ಫೋರ್ಡ್ ಪಿಂಟೋ ಕಾರಿಗೆ ಸೆಸ್ನಾ ವಿಮಾನದ ರೆಕ್ಕೆ ಬಾಲಗಳನ್ನು ಜೋಡಿಸಿದ ತಮ್ಮ ವಾಹನದಲ್ಲಿ ಹಾರಿದರು. ರೆಕ್ಕೆಗೆ ಆಸರೆಯಾಗಿದ್ದ ಕಂಬಿ ಕಾರಿನ ಮೈಯಿಂದ ಕಳಚಿಕೊಂಡು ಇಬ್ಬರೂ ಮಡಿದರು. ರಸ್ತೆಯಲ್ಲಿ ಕಾರಿನ ಭಾಗವೊಂದು ಕಳಚಿದರೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯುತ್ತೇವೆ. ಆಕಾಶದಲ್ಲಿ ಬದಿ ಎಂಬುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಕಾರಿನಲ್ಲಿರುವ ಚಲನಶಕ್ತಿಗಿಂತ, 300 ಮೀಟರ್ ಎತ್ತರದಲ್ಲಿ ಸುಮ್ಮನೆ ನಿಂತಿರುವ ಅದೇ ಕಾರಿನಲ್ಲಿರುವ ಸ್ಥಾನಶಕ್ತಿ ಇಪ್ಪತ್ತು ಪಟ್ಟು ಹೆಚ್ಚು. ಅದು ಕೆಳಗಿರುವವರ ತಲೆಯ ಮೇಲೆ ತೂಗುತ್ತಿರುತ್ತದೆ.

ಕೆಳಗಿರುವವರು ಯಾರು? ಹಾರುವ ವಾಹನದ ಚರ್ಚೆಯಲ್ಲಿ ಇವರ ಪ್ರಸ್ತಾಪವೇ ಬರುವುದಿಲ್ಲವೆಂಬುದು ನಮಗೆ ಬಹು ದಿನಗಳಿಂದ ಖೇದವನ್ನುಂಟುಮಾಡಿದೆ. ನ್ಯೂಯಾರ್ಕಿನ 59 ಅಂತಸ್ತಿನ ಪ್ಯಾನ್ ಆಮ್ ಕಟ್ಟಡದ ಮಾಳಿಗೆಯಿಂದ ವಿಮಾನ ನಿಲ್ದಾಣಕ್ಕೆ ಹೆಲಿಕಾಪ್ಟರುಗಳು ಹಾರುತ್ತಿದ್ದುವು. ಇಂದು ‘ಏರ್ ಟ್ಯಾಕ್ಸಿ’ ಎಂದು ನಮಗೆ ತೋರಿಸುವ ಕನಸು ಅಲ್ಲಿ 1965ರ ಡಿಸೆಂಬರಿನಲ್ಲಿಯೇ ನನಸಾಗಿತ್ತು. ಕೆಲಕಾಲ ನಿಂತು ಮತ್ತೆ 1977ರಲ್ಲಿ ಆರಂಭವಾಯಿತು. ಆ ವರ್ಷದ ಮೇ 16ರಂದು ಮಾಳಿಗೆಯ ಮೇಲೆ ನಿಂತಿದ್ದ ಹೆಲಿಕಾಪ್ಟರಿನ ಕಾಲೊಂದು ಮುರಿದು, ಅದು ಪಕ್ಕಕ್ಕೆ ಉರುಳಿತು. ತಿರುಗುತ್ತಿದ್ದ ಪಂಖ ಸಿಡಿದು ಮಾಳಿಗೆಯ ಮೇಲಿದ್ದ ನಾಲ್ವರು ಸತ್ತರು. ಪಂಖದ ತುಂಡೊಂದು ಅಂಚನ್ನು ದಾಟಿ ಕೆಳಗೆ ಬಿತ್ತು. ಬೀದಿಯಲ್ಲಿ ನಡೆದುಹೋಗುತ್ತಿದ್ದ ಒಬ್ಬ ಹೆಂಗಸು ಅದಕ್ಕೆ ಬಲಿಯಾದಳು. ಆಕೆ ಆ ದಿನ ಎಲ್ಲಿಗೂ ಹಾರಲು ಹೊರಟವಳಲ್ಲ. ಟಿಕೇಟು ಕೊಂಡವರು ಅಪಾಯವನ್ನು ಒಂದು ಬಗೆಯಲ್ಲಿ ಒಪ್ಪಿಕೊಂಡಿದ್ದರೆನ್ನಬಹುದು. ಆಕೆಯನ್ನು ಯಾರೂ ಕೇಳಿರಲಿಲ್ಲ. ಮಾಳಿಗೆಯ ಸಂಚಾರ ಅಂದಿಗೇ ನಿಂತಿತು. ಆ ಹೆಲಿಕಾಪ್ಟರುಗಳಿಗೆ ಪ್ರಮಾಣಪತ್ರಗಳಿದ್ದುವು, ನುರಿತ ಚಾಲಕರಿದ್ದರು. ಸಾವಿರಾರು ಖಾಸಗಿ ವಾಹನಗಳು ಮನೆಮನೆಯಿಂದ ಮೇಲೇಳುವ ಊರನ್ನು ನಾವು ಊಹಿಸಿಕೊಳ್ಳುವಾಗ, ಆ ವಾಹನದೊಳಗೆ ನಮ್ಮನ್ನು ಕೂರಿಸಿಕೊಳ್ಳುತ್ತೇವೆಯೇ ಹೊರತು ಬೀದಿಯಲ್ಲಿ ನಡೆಯುತ್ತಿರುವವರಾಗಿ ಊಹಿಸಿಕೊಳ್ಳುವುದಿಲ್ಲ.

ಬೆಂಗಳೂರಿನಲ್ಲಿ ಈಗ ಈ ವಿಷಯ ಬರಿಯ ಕುತೂಹಲವಾಗಿ ಉಳಿದಿಲ್ಲ. 2018ರ ಮಾರ್ಚಿಯಲ್ಲಿ ಇಲ್ಲಿನ ವಿಮಾನ ನಿಲ್ದಾಣಕ್ಕೂ ಇಲೆಕ್ಟ್ರಾನಿಕ್ ಸಿಟಿಗೂ ನಡುವೆ ಹೆಲಿಕಾಪ್ಟರ್ ಟ್ಯಾಕ್ಸಿ ಆರಂಭವಾಯಿತು. ಕಾಲು ಗಂಟೆಯ ಹಾದಿಯೆಂದು ಪತ್ರಿಕೆಗಳು ಸಂಭ್ರಮಿಸಿದುವು. ಅದರಿಂದ ಸಿಲ್ಕ್ ಬೋರ್ಡ್ ವೃತ್ತದಲ್ಲಿ ನಿಂತ ವಾಹನಗಳ ಸಾಲು ಒಂದು ಗೇಣೂ ಕಿರಿದಾಗಲಿಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನದೇ ಕಂಪೆನಿಯೊಂದು ವಿದ್ಯುತ್ ಏರ್ ಟ್ಯಾಕ್ಸಿಯ ಮಾದರಿಯನ್ನು ದಿಲ್ಲಿಯ ಪ್ರದರ್ಶನದಲ್ಲಿ ಇಟ್ಟಿತು. ನಮ್ಮ ತರುಣ ಎಂಜಿನಿಯರರು ಅಂಥದನ್ನು ಕಟ್ಟುವುದು ಸಂತೋಷದ ಸಂಗತಿಯೇ. ಅವರ ಕೈಯಲ್ಲಿ ಹಗುರ ಮೋಟಾರು, ಒಳ್ಳೆಯ ಬ್ಯಾಟರಿ ಸಿದ್ಧವಾದರೆ ಅದರ ಫಲ ಬಸ್ಸಿಗೂ ಸಲ್ಲುತ್ತದೆ. ನಮ್ಮ ಅಸಮ್ಮತಿ ಇರುವುದು ಇದನ್ನು ಊರಿನ ಸಂಚಾರದ ತೊಂದರೆಗೆ ಪರಿಹಾರವೆಂದು ಹೇಳುವ ಮಾತಿನಲ್ಲಿ. ಆರು ಬೋಗಿಗಳ ಮೆಟ್ರೋ ರೈಲೊಂದು ಒಂದು ಸಲಕ್ಕೆ ಹೊರುವ 1500 ಜನರನ್ನು ನಾಲ್ವರು ಪ್ರಯಾಣಿಕರ ಏರ್ ಟ್ಯಾಕ್ಸಿಗಳಲ್ಲಿ ಸಾಗಿಸಬೇಕಾದರೆ 375 ಹಾರಾಟಗಳು ಬೇಕು. ನಿಮಿಷಕ್ಕೊಂದರಂತೆ ಬಿಡುವಿಲ್ಲದೆ ಇಳಿದರೂ ಆರು ಗಂಟೆಗಳಿಗೂ ಹೆಚ್ಚು. ಅಷ್ಟರಲ್ಲಿ ಎಷ್ಟು ರೈಲುಗಳು ಬಂದು ಹೋಗಿರುತ್ತವೆ!

ಬರಲಿರುವ ಅದ್ಭುತಕ್ಕಾಗಿ ಕಾಯುವವನು ಇರುವ ಸಾಧನವನ್ನು ತಾತ್ಸಾರಮಾಡುತ್ತಾನೆ. ಬಸ್ಸು ಹೆಚ್ಚಿಸಿ, ಕಾಲುದಾರಿ ಸರಿಪಡಿಸಿ, ಉಪನಗರ ರೈಲನ್ನು ಬೇಗ ಮುಗಿಸಿ ಎಂದು ಕೇಳಿದರೆ ಪತ್ರಿಕೆಯ ಮುಖಪುಟದಲ್ಲಿ ಚಿತ್ರ ಬರುವುದಿಲ್ಲ. ಆಕಾಶದ ಚಿತ್ರ ಬರುತ್ತದೆ. ಆ ಚಿತ್ರವನ್ನು ನೋಡಿ ಬೆಳೆದ ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ನಗರಪಾಲಿಕೆಯ ಎಂಜಿನಿಯರುಗಳಾಗುತ್ತಾರೆ, ಹಣ ಮಂಜೂರುಮಾಡುವ ಅಧಿಕಾರಿಗಳಾಗುತ್ತಾರೆ. ಅವರಿಗೆ 5 ಮತ್ತು 420 ಎಂಬ ಸಂಖ್ಯೆಗಳು ಗೊತ್ತಿರಬೇಕೆಂಬ ಕಾಳಜಿಯಿಂದಲೇ ಇಷ್ಟನ್ನು ಬರೆಯಬೇಕಾಯಿತು.

ಆ ದುಬಾರಿ ಅಶ್ವಶಕ್ತಿಗೂ ಒಂದು ಯೋಗ್ಯವಾದ ಸಮಯವುಂಟು. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ಹಂಪಿಯ ಎದುರಿನ ವಿರೂಪಾಪುರ ಗಡ್ಡೆ ನಡುನೀರಿನಲ್ಲಿ ಸಿಕ್ಕಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರುಗಳು ಅಲ್ಲಿದ್ದ ನೂರಾರು ಜನರನ್ನು ದಡಕ್ಕೆ ಸೇರಿಸಿದುವು. ಅಲ್ಲಿ ಚಕ್ರಕ್ಕೆ ಕೆಲಸವಿರಲಿಲ್ಲ. ಎಷ್ಟು ಕಿಲೋವಾಟ್ ವ್ಯಯವಾಯಿತೆಂದು ಯಾರೂ ಕೇಳಬೇಕಾಗಿರಲಿಲ್ಲ. ಹಾರುವ ಹೊಸ ವಾಹನಗಳನ್ನು ಕಟ್ಟುವವರು ಮೊದಲು ಅಂಥ ಎಡೆಗಳಿಗೆ, ಸೇತುವೆಯಿಲ್ಲದ ದ್ವೀಪದ ರೋಗಿಗೆ, ದೂರದ ಆಸ್ಪತ್ರೆಗೆ ಹೋಗಬೇಕಾದ ರಕ್ತಕ್ಕೆ ಅವನ್ನು ಮೀಸಲಿಡಲಿ. ಊರಿನ ಮಾಳಿಗೆಗಳ ಮೇಲೆ ಇಳಿದಾಣ ಬೇಕೆಂದು ಅವರು ಸರಕಾರದ ಬಾಗಿಲಿಗೆ ಬಂದಾಗ, ಅಧಿಕಾರಿಗಳು ವಾಹನದ ತೂಕವೆಷ್ಟು, ಪಂಖಗಳ ವಿಸ್ತೀರ್ಣವೆಷ್ಟು, ಎಷ್ಟು ನಿಮಿಷ ನಿಂತಲ್ಲಿ ನಿಲ್ಲಬಲ್ಲುದು ಎಂಬ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ. ಅನುಮತಿಗೆ ಸಹಿ ಹಾಕುವ ಮುನ್ನ ಆ ಕಟ್ಟಡದ ಕೆಳಗಿನ ಬೀದಿಯ ಅಂಗಡಿಯವರನ್ನೂ ಕರೆದು ಕೇಳಲಿ.